ಹುಲಗೂರಿನ ‘ಚಲೋ ಐತ್ರಿ’

ಹಾನಗಲ್ಲಿನ ಬಸ್‌ ನಿಲ್ದಾಣದ ಎದುರು ಝೆರಾಕ್ಸ್‌ ಅಂಗಡಿ ಇಟ್ಟುಕೊಂಡಿರುವ ಭಾಗ್ಯಶ್ರೀಗೆ ಇನ್ನೊಂದು ಕೆಲಸವಿದೆ. ಅದಕ್ಕೆ ಸಂಬಳವಿಲ್ಲ. ಕಣ್ಣು ಕಾಣದವರಿಗೆ ಕನ್ನಡ ಬರಹ ಓದಿ ಹೇಳುವ ಆ್ಯಪ್‌ ಒಂದನ್ನು ಹತ್ತಾರು ಊರಿನವರು ಕೂಡಿ ಕಟ್ಟಿ, ಯಾರು ಬೇಕಾದರೂ ಬಿಚ್ಚಿ ನೋಡಲಿ, ತಿದ್ದಲಿ, ಬಳಸಲಿ ಎಂದು ಪುಕ್ಕಟೆ ಬಿಟ್ಟಿದ್ದಾರೆ. ಪ್ರತಿ ಹೊಸ ಆವೃತ್ತಿಯನ್ನು ಬಳಸುವವರ ಕೈಗೆ ಮೊದಲು ಕೊಟ್ಟು ಪರೀಕ್ಷೆ ಮಾಡಿಸುವುದು, ಸರಿ ಇದ್ದರೆ ಪ್ಯಾಕೇಜು ಕಟ್ಟಿ ಬಿಡುಗಡೆ ಮಾಡುವುದು ಭಾಗ್ಯಶ್ರೀಯ ಪಾಲು.

ಈ ಸಲ ಹಳೆಯ ಫೋನಿನಲ್ಲಿ ಪರೀಕ್ಷಿಸಲು ಅವಳು ಆರಿಸಿದ್ದು ಹುಲಗೂರಿನ ಶಾಕೀರಾಳನ್ನು. ಜ್ವರದಲ್ಲಿ ಕಣ್ಣು ಹೋದ ಮೇಲೂ ಪಾಠ ಕೇಳಿ ಕೇಳಿ ಓಣಿಯ ಮಕ್ಕಳಿಗೆ ಟ್ಯೂಷನ್‌ ಹೇಳುವ ಹೆಂಗಸು. ಆ್ಯಪ್‌ ಹಾಕಿಕೊಟ್ಟು, ವಾರ ಬಿಟ್ಟು ಹೋದಾಗ ಶಾಕೀರಾ ಮಂಡಕ್ಕಿ ಒಗ್ಗರಣೆ ಕೊಟ್ಟಳು. ತಿನ್ನುತ್ತಲೇ ಭಾಗ್ಯಶ್ರೀ ಕೇಳಿದಳು, “ಆ್ಯಪ್‌ ಹೆಂಗೈತಿ ಅಕ್ಕ?”

“ಚಲೋ ಐತ್ರಿ.”

ಪರೀಕ್ಷೆ ಅಲ್ಲಿಗೆ ಮುಗಿಯಿತು.

ಆ್ಯಪ್‌ ಬರೆದವರಲ್ಲೊಬ್ಬ, ಸವಣೂರಿನ ಮೃತ್ಯುಂಜಯ, ಫೋನಿನಲ್ಲಿ ಕೇಳಿದ: “ಚಲೋ ಅಂದ್ರ ಏನು ಚಲೋ ರೀ?”

“ಅಯ್ಯ, ಚಲೋ ಅಂದ್ರ ಚಲೋನ. ಪರೀಕ್ಷಾ ಮಾಡಿಸಿದಾಕಿ ನಾನೋ, ನೀವೋ?”

ಬಿಡುಗಡೆಯಾಯಿತು. ಸ್ವಲ್ಪ ದಿನಕ್ಕೇ ರಟ್ಟೀಹಳ್ಳಿಯಿಂದ, ಹಿರೇಕೆರೂರಿನಿಂದ ದೂರು ಬಂದವು. ಹಳೆಯ ಫೋನಿನಲ್ಲಿ ಒಂದು ಪುಟ ಓದಿದೊಡನೆ ಆ್ಯಪ್‌ ಬಾಯಿ ಮುಚ್ಚುತ್ತದೆ. ಬಂದ್‌ ಮಾಡಿ ಮತ್ತೆ ತೆರೆಯಬೇಕು. ಇದನ್ನು ಪರೀಕ್ಷೆ ಮಾಡಿದವರು ಯಾರೆಂದು ಆ್ಯಪ್‌ ಬಳಸುವವರ ವಾಟ್ಸಾಪ್‌ ಗುಂಪಿನಲ್ಲಿ ಕೇಳಿದರು. “ಹುಲಗೂರಿನ ಶಾಕೀರಾ ಚಲೋ ಐತಿ ಅಂದಿದ್ರು” ಎಂದು ಭಾಗ್ಯಶ್ರೀ ಬರೆದಳು. ಸುಳ್ಳೇನಲ್ಲ. ಅದರ ಕೆಳಗೆ ಒಬ್ಬ ಬರೆದ: “ಪರೀಕ್ಷಾ ಮಾಡದನ ಮಾಡೇನಿ ಅನ್ನೋರನ್ನ ಯಾಕ ಹಚ್ಕೋತೀರಿ?”

ಭಾಗ್ಯಶ್ರೀ ಓದಿದಳು. ಫೋನು ಬದಿಗಿಟ್ಟು ಗಿರಾಕಿಯ ಕಡೆ ತಿರುಗಿದಳು.

ಆ ಗುಂಪಿನಲ್ಲಿ ಶಾಕೀರಾಳೂ ಇದ್ದಾಳೆಂಬುದು ನೆನಪಾದದ್ದು ಮರುದಿನ, ಯಾರದೋ ಆಧಾರ್‌ ಕಾರ್ಡು ಝೆರಾಕ್ಸ್‌ ಮಾಡುತ್ತಿದ್ದಾಗ. ಶಟರ್‌ ಎಳೆದು ಹುಲಗೂರಿಗೆ ಹೋಗಲು ಶಿಗ್ಗಾಂವಿ ಬಸ್‌ ಹತ್ತಿದಳು.

“ಗುಂಪಿನಾಗಿನ ಆ ಮಾತು ಕೇಳಿದ್ರೇನಕ್ಕ?”

“ನಿಮ್ಮ ಆ್ಯಪೇ ಓದಿ ಹೇಳಿತ್ರಿ. ಒಂದ ಸಾಲಿನ ಮಾತು ನೋಡ್ರಿ, ನಡುವ ನಿಲ್ಲಲಿಲ್ಲ.”

ಭಾಗ್ಯಶ್ರೀ ತಲೆ ತಗ್ಗಿಸಿದಳು. ತಗ್ಗಿಸಿದ್ದು ಶಾಕೀರಾಳಿಗೆ ಕಾಣುವುದಿಲ್ಲ ಎಂಬುದು ಹೊಳೆದು ಮತ್ತಷ್ಟು ನಾಚಿಕೆಯಾಯಿತು.

“ಪುಟಕ್ಕೊಮ್ಮೆ ನಿಲ್ತೈತಿ ಅಂತ ನನಗ್ಯಾಕ ಹೇಳಲಿಲ್ಲ?”

“ಹಾನಗಲ್ಲಿಂದ ಬಸ್‌ ಹತ್ತಿ ಬಂದು ಹಾಕಿ ಕೊಟ್ಟಿದ್ರಿ. ಹೆಸರಿಡೋದು, ತಪ್ಪು ತೆಗೆಯೋದು ಹೆಂಗ್ರಿ? ಅವತ್ತು ಮಂಡಕ್ಕಿಗೆ ನನ್ನ ಕೈಲೆ ಎರಡು ಸಲ ಉಪ್ಪು ಬಿದ್ದಿತ್ತು. ನೀವು ಹೋದ ಮ್ಯಾಲ ಬಾಯಾಗ ಹಾಕ್ಕೊಂಡೆ, ಥೂ! ನೀವು ಏನಂದಿದ್ರಿ?”

“ಚಲೋ ಆಗೇತಿ ಅಂದಿದ್ದೆ.”

“ಮತ್ತ!”

ಈ ಸೀಮೆಯಲ್ಲೇ ಹುಟ್ಟಿದವಳು ಭಾಗ್ಯಶ್ರೀ. ಮನೆಗೆ ಬಂದವರು ತಂದದ್ದಕ್ಕೆ ಇಲ್ಲಿ ಯಾರೂ ಹೆಸರಿಡುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದೂ ಆ ಸಂಕೋಚವನ್ನೇ ಪರೀಕ್ಷೆಯೆಂದು ಪ್ಯಾಕೇಜಿನಲ್ಲಿ ಕಟ್ಟಿದ್ದಳು. ಕೆಟ್ಟಾಗ ಶಾಕೀರಾಳ ಹೆಸರು ಮುಂದೆ ಮಾಡಿದ್ದಳು.

ಅಲ್ಲೇ ಕುಳಿತು ಗುಂಪಿಗೆ ತನ್ನ ದನಿಯಲ್ಲೇ ಹೇಳಿದಳು: “ಶಾಕೀರಕ್ಕನ ತಪ್ಪಿಲ್ಲ. ಎದುರಿಗೆ ಒಂದೆರಡು ಪುಟ ಓದಿಸಿ ಕೇಳಲಿಲ್ಲ ನಾನು, ಮಂಡಕ್ಕಿ ತಿಂದು ಬಂದೆ. ಬಿಡುಗಡೆ ಹಿಂದಕ್ಕ ತಗೊಳ್ಳಾಕತ್ತೇನಿ.” ಯಾರ ಉತ್ತರವನ್ನೂ ನೋಡದೆ ಫೋನು ಬೋರಲು ಹಾಕಿದಳು.

ಶಾಕೀರಾ ಒಳಗೆ ಹೋಗಿ ತಾಟು ತಂದಿಟ್ಟಳು. “ಮಂಡಕ್ಕಿ ಹೆಂಗಾಗೇತ್ರಿ?”

ಭಾಗ್ಯಶ್ರೀ ಅಗಿದಳು.

“ಉಪ್ಪು... ಕಡಿಮಿ ಆಗೇತಕ್ಕ.”

“ಹಾಂ, ಹಂಗ ಬರ್ರಿ ದಾರಿಗೆ!” ಶಾಕೀರಾ ನಗುತ್ತ ಚಾಪೆಯ ಮೇಲೆ ಕುಳಿತು ತನ್ನ ಹಳೆಯ ಫೋನು ಕೈಗೆತ್ತಿಕೊಂಡಳು. “ಪುಟಕ್ಕ ನಿಲ್ಲೋದು ಒಂದ ಅಲ್ರಿ. ಮೊದಲಿಂದ ಹೇಳ್ತೇನಿ, ಬರಕೋರಿ.”