ಅಕ್ಕನ ಬಿಡುವಿನ ವೇಳೆ

ಪ್ರವಾಸ ಕಂಪನಿಗಳು ಹಂಚುವ ಕಾರ್ಯಕ್ರಮ ಪತ್ರಿಕೆಯನ್ನು ನೀವು ಎಂದಾದರೂ ಶ್ರದ್ಧೆಯಿಂದ ಪಾರಾಯಣ ಮಾಡಿದ್ದರೆ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರುತ್ತದೆ. ಬೆಳಗಿನ ಉಪಾಹಾರದಿಂದ ರಾತ್ರಿಯ ಅನ್ನ-ಸಾರಿನವರೆಗೆ ಪ್ರವಾಸಿ ಏನನ್ನು ನೋಡಬೇಕು, ಎಲ್ಲಿ ಬೆರಗಾಗಬೇಕು, ಯಾವ ಕಟ್ಟಡದೆದುರು ಗುಂಪುಚಿತ್ರ ತೆಗೆಸಿಕೊಳ್ಳಬೇಕು ಎಂಬುದೆಲ್ಲ ಅಲ್ಲಿ ದಪ್ಪಕ್ಷರದಲ್ಲಿರುತ್ತದೆ. ನಡುವೆ ಎಲ್ಲೋ ಒಂದು ಕಡೆ ಮಾತ್ರ, ಅಳಿಸಲು ಮರೆತು ಉಳಿದುಹೋದಂತೆ, ಸಣ್ಣಕ್ಷರದಲ್ಲಿ ‘ಬಿಡುವಿನ ವೇಳೆ’ ಎಂದಿರುತ್ತದೆ. ಅದರ ಮುಂದೆ ಏನೂ ಇರುವುದಿಲ್ಲ. ಈ ಏನೂ ಇಲ್ಲದ ಜಾಗದ ಮೇಲೆ ನಾನು ಕಳೆದ ವಸಂತದಲ್ಲಿ ವಾರಗಟ್ಟಲೆ ತಪಸ್ಸು ಮಾಡಿದೆ.

ಕಾರಣ ನಮ್ಮ ಅಕ್ಕ. ಮೈಸೂರಿನ ಸರಸ್ವತಿಪುರಂ ಬಿಟ್ಟು ಹೆಚ್ಚು ದೂರ ಹೋಗದ, ಮಂಡಿನೋವಿನ, ಎಂಬತ್ತರ ಹೊಸ್ತಿಲಿನಲ್ಲಿರುವ ಅಕ್ಕ, ಹಿರಿಯ ನಾಗರಿಕರ ಗುಂಪೊಂದನ್ನು ಸೇರಿ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಎಂಬ ತ್ರಿಸ್ಥಳ ಯಾತ್ರೆಗೆ ಹೊರಟಿದ್ದಳು. ಒಬ್ಬಳೇ ವಿಮಾನ ಬದಲಾಯಿಸಲು ಅವಳಿಗೆ ದಿಗಿಲು. ಗುಂಪಿನಲ್ಲಾದರೆ ಬಾವುಟ ಹಿಡಿದ ಮ್ಯಾನೇಜರ್ ಇರುತ್ತಾನೆ, ಎಲ್ಲಿ ಹೋದರೂ ಉಪ್ಪಿಟ್ಟು ತಪ್ಪಿಸದ ಅಡುಗೆಯವರಿರುತ್ತಾರೆ. ಗುಂಪಿನೊಂದಿಗೆ ಬಂದವರು ಗುಂಪಿನೊಂದಿಗೇ ವಾಪಸಾಗಬೇಕೆಂಬುದು ಕಂಪನಿಯ ಕಟ್ಟಪ್ಪಣೆಯಾದ್ದರಿಂದ, ನಡುನಡುವೆ ಸಿಗುವ ಬಿಡುವಿನಲ್ಲಿ ಆಸ್ಟಿನ್ನಿನ ಪಕ್ಕದಲ್ಲಿ ನೆಲೆಸಿರುವ ಈ ತಮ್ಮನ ಮುಖ ನೋಡಿಕೊಂಡು ಹೋಗುವುದು ಅವಳ ಉದ್ದೇಶ.

ತಮ್ಮನೇ ಮೈಸೂರಿಗೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗುವಂತಿಲ್ಲ. ನನ್ನ ಮೂತ್ರಪಿಂಡಗಳು ನನ್ನ ಬೆನ್ನಿಗೇ ನಿವೃತ್ತಿ ತೆಗೆದುಕೊಂಡಿವೆ. ಸೋಮ, ಬುಧ, ಶುಕ್ರ ಡಯಾಲಿಸಿಸ್. ಅಂದು ನನ್ನ ರಕ್ತ ಮಾರ್ಗದರ್ಶಿ ಸಹಿತ ಪ್ರವಾಸ ಹೊರಡುತ್ತದೆ: ತೋಳಿನಿಂದ ಹೊರಟು, ಕೊಳವೆಗಳಲ್ಲಿ ಸುತ್ತಿ, ಯಂತ್ರದೊಳಗೆ ಮಂಗಳಸ್ನಾನ ಮುಗಿಸಿ, ಮತ್ತೆ ತೋಳಿಗೇ ವಾಪಸು. ಇಲ್ಲಿಯ ಚಿಪ್ ಕಾರ್ಖಾನೆಯಲ್ಲಿ ಸಿಲಿಕಾನ್ ಬಿಲ್ಲೆಗಳನ್ನು ತೊಳೆಯುವ ಶುದ್ಧನೀರಿನ ಎಂಜಿನಿಯರಾಗಿ ಜೀವಮಾನ ಕಳೆದವನು ನಾನು. ಅದೇ ಶಾಸ್ತ್ರ ನನ್ನ ಮೇಲೆಯೇ ಪ್ರಯೋಗವಾಗುವುದನ್ನು ವೃತ್ತಿಗೌರವದಿಂದ ನೋಡುತ್ತ ಕೂರುತ್ತೇನೆ. ಹೃದಯವೂ ಸೊರಗಿರುವುದರಿಂದ ದೂರದ ವಿಮಾನ ಬೇಡವೆಂದು ವೈದ್ಯರು ಹೇಳಿದ್ದಾರೆ. ಕಸಿಯ ಮಾತನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಅಕ್ಕನಿಗೆ ಇದೆಲ್ಲ ಗೊತ್ತು. ಇದು ಕೊನೆಯ ಭೇಟಿಯೆಂಬುದು ಇಬ್ಬರಿಗೂ ಗೊತ್ತು. ಆದ್ದರಿಂದಲೇ ಫೋನಿನಲ್ಲಿ ನಾವು ಮೈಸೂರಿನ ಸೆಕೆಯನ್ನೂ ಟೆಕ್ಸಸ್ಸಿನ ಸೆಕೆಯನ್ನೂ ತೂಗಿ ನೋಡುತ್ತಿದ್ದೆವು.

ಗುಂಪು ಮಂಗಳವಾರ ಡಲ್ಲಾಸಿನಲ್ಲಿ, ಗುರುವಾರ ಹ್ಯೂಸ್ಟನ್ನಿನಲ್ಲಿ, ಭಾನುವಾರ ಆಸ್ಟಿನ್ನಿನಲ್ಲಿ. ಮೂರೂ ನನ್ನ ಯಂತ್ರಕ್ಕೆ ರಜೆಯಿರುವ ದಿನಗಳು. ಬಹಳ ಕಾಲದಿಂದ ನನ್ನ ವಿಷಯದಲ್ಲಿ ಉದಾಸೀನವಾಗಿದ್ದ ಪಂಚಾಂಗವು ದಿಢೀರನೆ ತೋರಿದ ಈ ಔದಾರ್ಯದಿಂದ ಪುಳಕಿತನಾಗಿ, ಗುಂಪಿನ ಬಸ್ಸಿನ ಹಿಂದೆ ಬಾಲದಂತೆ ಮೂರು ನಗರಗಳನ್ನೂ ಸುತ್ತುವುದೆಂದು ನಿರ್ಧರಿಸಿದೆ. ಕಾರು ಓಡಿಸಬೇಕಾದವಳು ನನ್ನ ಹೆಂಡತಿ ವಿಮಲಾ ಆದ್ದರಿಂದ ನಿರ್ಧಾರಕ್ಕೆ ನನಗೆ ಯಾವ ಶ್ರಮವೂ ಆಗಲಿಲ್ಲ.

ಡಲ್ಲಾಸಿನ ಬಿಡುವು ಅಂಗಡಿಯಲ್ಲಿ ಕಳೆದುಹೋಯಿತು. ಹಿಂದೊಮ್ಮೆ ಅಧ್ಯಕ್ಷರೊಬ್ಬರು ಗುಂಡೇಟಿಗೆ ಬಲಿಯಾದ ರಸ್ತೆಯನ್ನು ಆತುರಾತುರವಾಗಿ ನೋಡಿದ ಹಿರಿಯ ನಾಗರಿಕರು, ಮಂಡಿನೋವಿನ ಮುಲಾಮು ಅಗ್ಗಕ್ಕೆ ಸಿಗುತ್ತದೆಂಬ ವದಂತಿಯ ಬೆನ್ನುಹತ್ತಿ ಒಂದು ಮಾಲಿಗೆ ನುಗ್ಗಿದರು. ಅಕ್ಕನಿಗೆ ಜೊತೆಯಾಗಿದ್ದ ಹೆಂಗಸು ಅವಳ ಕೈ ಬಿಡಲಿಲ್ಲ. ನಾನು ಅಕ್ಕನನ್ನು ಮುಲಾಮಿನ ಸಾಲುಗಳ ನಡುವೆ ಭೇಟಿಯಾದೆ. “ಇಳಿದು ಹೋಗಿದೀಯ,” ಎಂದಳು. “ನೀನೂ,” ಎಂದೆ. ಅಷ್ಟರಲ್ಲಿ ಬಾವುಟ ಎದ್ದಿತು. ಹ್ಯೂಸ್ಟನ್ನಿನಲ್ಲಿ ಅದೂ ಇಲ್ಲ: ಬಾಹ್ಯಾಕಾಶ ಕೇಂದ್ರದಿಂದ ಬರುತ್ತಿದ್ದ ಬಸ್ಸು ಹೆದ್ದಾರಿಯ ದಟ್ಟಣೆಯಲ್ಲಿ ಸಿಕ್ಕಿಬಿತ್ತು, ಚಂದ್ರನವರೆಗೆ ದಾರಿ ಮಾಡಿದ ಊರಿನಲ್ಲಿ ಹೋಟೆಲಿನವರೆಗೆ ದಾರಿಯಾಗಲಿಲ್ಲ. ಹೋಟೆಲಿನ ಮೊಗಸಾಲೆಯಲ್ಲಿ ಕೃತಕ ತಾಳೆಮರದ ಕೆಳಗೆ ಇಡೀ ಸಂಜೆ ಕಾದು ಹಿಂತಿರುಗಿದೆವು, ಏಕೆಂದರೆ ಮರುದಿನ ಶುಕ್ರವಾರ.

ಉಳಿದದ್ದು ಆಸ್ಟಿನ್. ಭಾನುವಾರ ಮಧ್ಯಾಹ್ನದಿಂದ ಸಂಜೆಯವರೆಗೆ, ಇಡೀ ಯಾತ್ರೆಯ ಅತಿ ದೀರ್ಘ ಬಿಡುವು. ಕೆಂಪುಕಲ್ಲಿನ ಶಾಸನಸಭೆಯ ಗುಮ್ಮಟ, ಸರೋವರದ ದಡ, ಮುಸ್ಸಂಜೆಗೆ ಸೇತುವೆಯಡಿಯಿಂದ ಹೊಗೆಯಂತೆ ಏಳುವ ಬಾವಲಿಗಳು, ಇವುಗಳ ನಡುವೆ ಒಂದು ಬೆಂಚು. ಆ ಬೆಂಚಿನ ಮೇಲೆ ಅಕ್ಕ, ನಾನು, ಮತ್ತು ಫೋನಿನಲ್ಲಿ ಆಡದೆ ಉಳಿಸಿಕೊಂಡಿದ್ದ ಮಾತು. ಹೀಗೆ ಏರ್ಪಾಡು ಮಾಡಿಟ್ಟಿದ್ದೆ.

ಆದರೆ ನಾವಿರುವ, ಆಸ್ಟಿನ್ನಿಗೆ ಅಂಟಿಕೊಂಡ ಸೀಡರ್ ಪಾರ್ಕಿನ ಕನ್ನಡಿಗರಲ್ಲಿ ಒಂದು ಧರ್ಮಸೂತ್ರವಿದೆ: ಊರಿನಿಂದ ಬಂದ ನೆಂಟರು ಯಾರೊಬ್ಬರ ಸ್ವತ್ತೂ ಅಲ್ಲ, ಸಾರ್ವಜನಿಕರು. ಒಂದು ಮನೆಗೆ ಬಂದವರು ಎಲ್ಲ ಮನೆಗೂ ಬಂದಂತೆ. ಬಾರದಿದ್ದರೆ ಬೇಕೆಂದೇ ಬಾರದಂತೆ. ಹಿಂದಿನ ಬೀದಿಯ ಡಾಕ್ಟರ್ ಪಾಟೀಲರು, ಧಾರವಾಡದವರು, ಶನಿವಾರವೇ ಬಾಗಿಲಿಗೆ ಬಂದು ನಿಂತರು.

“ಅಲ್ರೀ, ಅಷ್ಟು ದೂರದಿಂದ ಅಕ್ಕಾರು ಬರ್ತಾರ. ನಮ್ಮನ್ಯಾಗ ಒಂದು ಕಪ್ ಚಾ ಕುಡೀಲಾರ್ದ ಹೋದ್ರ ನಾಳೆ ನಿಮಗ ನಾವು ಮಾರಿ ಹೆಂಗ ತೋರಸೋದ್ರಿ?”

“ಟೈಮು ಕಮ್ಮಿ ಇದೆ ಡಾಕ್ಟ್ರೇ.”

“ಚಾಕ್ಕ ಎಷ್ಟು ಟೈಮ್ ಬೇಕ್ರಿ? ಬರೇ ಚಾ.”

ವಿಮಲಳಿಗೆ ಕೆಲಸವಿರುವ ದಿನಗಳಲ್ಲಿ ನನ್ನನ್ನು ಯಂತ್ರದ ಬಳಿಗೆ ಕರೆದೊಯ್ದು ಕರೆತರುವವರು ಇದೇ ಪಾಟೀಲರು ಮತ್ತು ಇನ್ನೆರಡು ಮನೆಯವರು. ಅಂಥವರ ಮುಂದೆ ‘ಅಕ್ಕ ನನಗೊಬ್ಬನಿಗೇ ಬೇಕು’ ಎನ್ನುವ ನಾಲಗೆ ನಮ್ಮವರಲ್ಲಿ ಯಾರಿಗಿದೆ ಹೇಳಿ. “ಅದಕ್ಕೇನು, ಬರೋಣ,” ಎಂದೆ, ಮೂರು ಮನೆಗೂ.

ಭಾನುವಾರ ಮಧ್ಯಾಹ್ನ ಅಕ್ಕನನ್ನು ಬಸ್ಸಿನಿಂದಿಳಿಸಿಕೊಂಡು ನೇರ ಅಲ್ಲಿಗೇ ಹೋದೆವು. ಬರೇ ಚಹಾ ಎಂದರೆ ಪಾಟೀಲರ ಮನೆಯಲ್ಲಿ ಗಿರಮಿಟ್ಟು, ಮಿರ್ಚಿ, ಕರದಂಟು. ಎರಡನೆಯ ಮನೆಯಲ್ಲಿ ಬಿಸಿಬೇಳೆಬಾತು. ಮೂರನೆಯ ಮನೆಯಲ್ಲಿ, ಎರಡು ಕಡೆ ತಿಂದು ಬಂದಿದ್ದಾರೆಂಬ ಕನಿಕರದಿಂದ, ಮಸಾಲೆದೋಸೆ ಮಾತ್ರ. ನನಗೆ ಇದ್ಯಾವುದನ್ನೂ ಮುಟ್ಟುವಂತಿಲ್ಲ. ನನ್ನ ಪಾಲಿನದನ್ನೂ ಅಕ್ಕ, ಒಲ್ಲೆನೆಂದರೆ ತಮ್ಮನಿಗೆ ಕುಂದು ಬಂದೀತೆಂದು, ತಿಂದು ಮುಗಿಸಿದಳು. ಮೂರು ಮನೆಯಲ್ಲೂ ಕುಂಕುಮವಿಟ್ಟು ಮೂರು ರವಿಕೆ ಕಣ, ಮೂರು ತೆಂಗಿನಕಾಯಿ ಕೊಟ್ಟರು. ಮೂರು ಮನೆಯಲ್ಲೂ “ಇನ್ನೊಂದ್ಸಲ ಬಂದಾಗ ನಿಧಾನಕ್ಕೆ ಇರೋ ಹಾಗೆ ಬನ್ನಿ” ಎಂದರು. ಅಕ್ಕ ಮೂರು ಸಲವೂ ಆಗಲಿ ಎಂದಳು.

ಕಾರಿನಲ್ಲಿ ಕೂತಾಗ ಬಿಸಿಲು ಬಾಗಿತ್ತು.

“ಈಗ ಗುಮ್ಮಟ ಇಲ್ಲಾ ಸೇತುವೆ,” ಎಂದಳು ವಿಮಲಾ. “ಎರಡೂ ಆಗಲ್ಲ. ಬೇಗ ಹೇಳಿ.”

“ಗುಮ್ಮಟ ಬಸ್ಸಲ್ಲೇ ಕಾಣ್ತು ಕಣೇ,” ಎಂದಳು ಅಕ್ಕ. “ಬಾವಲಿ ನೋಡಕ್ಕೆ ಮೈಸೂರಿಂದ ಇಲ್ಲಿಗೆ ಬರ್ಬೇಕಾ? ಇವನಿಗೆ ಸೂಜಿ ಚುಚ್ತಾರಲ್ಲ, ಆ ಜಾಗಕ್ಕೆ ಕರ್ಕೊಂಡು ಹೋಗು.”

“ಭಾನುವಾರ ಬೀಗ ಹಾಕಿರತ್ತೆ ಅಕ್ಕಾ,” ಎಂದೆ. “ಅಲ್ಲಿ ನೋಡೋದೇನಿದೆ?”

“ಹೊರಗಿಂದ್ಲೇ ನೋಡ್ತೀನಿ. ಮುಖ್ಯವಾದ್ದನ್ನೇ ನೋಡದೆ ಹೋಗ್ಲಾ?”

ಯಾವ ಪ್ರವಾಸ ಕಂಪನಿಯೂ ಸೇರಿಸಿಕೊಳ್ಳದ ಆ ಕ್ಷೇತ್ರ ಒಂದು ಅಂಗಡಿಸಾಲಿನಲ್ಲಿದೆ; ಎಡಕ್ಕೆ ಡೋನಟ್ ಅಂಗಡಿ, ಬಲಕ್ಕೆ ಉಗುರಿಗೆ ಬಣ್ಣ ಹಚ್ಚುವವರದು. ಗರ್ಭಗುಡಿ ಮುಚ್ಚಿದ ವೇಳೆಗೆ ಬಂದ ಭಕ್ತಳಂತೆ ಅಕ್ಕ ಬಾಗಿಲ ಮುಂದೆ ಚಪ್ಪಲಿ ಬಿಡಹೊರಟಳು. ಡಾಂಬರು ಸುಡುತ್ತದೆಂದು ವಿಮಲಾ ತಡೆದಳು. ಗಾಜಿಗೆ ಹಣೆಯೊತ್ತಿ, ಎರಡೂ ಕೈಗಳಿಂದ ಬೆಳಕಿಗೆ ಮರೆಮಾಡಿ, ಅಕ್ಕ ಒಳಗೆ ನೋಡಿದಳು. ಮೂರು ನಗರಗಳಲ್ಲಿ ಅವಳು ಯಾವುದನ್ನೂ ಅಷ್ಟು ಹೊತ್ತು ನೋಡಿರಲಾರಳು.

“ನಿನ್ನ ಕುರ್ಚಿ ಯಾವುದೋ?”

“ಕಿಟಕಿ ಪಕ್ಕದ್ದು.”

“ಅಲ್ಲಿಂದ ಏನು ಕಾಣತ್ತೆ?”

“ಪಾರ್ಕಿಂಗ್ ಲಾಟು. ಒಂದು ದೀಪದ ಕಂಬ.”

ಅಕ್ಕ ತಿರುಗಿ, ಮಂಡಿ ಹಿಡಿದುಕೊಂಡು, ನಿಧಾನವಾಗಿ ಕಂಬದವರೆಗೆ ನಡೆದಳು. ಕಿಟಕಿಯನ್ನೂ ತನ್ನನ್ನೂ ಕಣ್ಣಲ್ಲೇ ಅಳೆದಳು.

“ಇಲ್ಲಿ ನಿಂತ್ರೆ ಕಾಣ್ತೀನಾ?”

“ಇನ್ನೊಂಚೂರು ಬಲಕ್ಕೆ.”

“ಈಗ?”

“ಈಗ ಕಾಣ್ತೀಯ.”

ಅಲ್ಲಿಯೇ ನಿಂತಳು. ಬೆಂಚಿಗಾಗಿ ಕಾದಿರಿಸಿದ್ದ ಮಾತು ನನ್ನ ಬಾಯಿಗೂ ಬರಲಿಲ್ಲ, ಅವಳ ಬಾಯಿಗೂ ಬರಲಿಲ್ಲ. ಯಾರೂ ಫೋಟೋ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ವಿಮಲಳ ಫೋನು ಮೊಳಗಿತು, ಮ್ಯಾನೇಜರ್. “ಮೇಡಂ, ಎಲ್ಲಾ ಬಂದಾಯ್ತು. ನಿಮ್ಮೋರೊಬ್ರೇ ಬಾಕಿ.”

ಮರುದಿನ ಸೋಮವಾರ. ಎಂದಿನಂತೆ ನನ್ನ ರಕ್ತ ಪ್ರವಾಸ ಹೊರಟಿತು, ನಾನು ಕಿಟಕಿಯತ್ತ ತಿರುಗಿದೆ. ಕಂಬದ ಬಲಕ್ಕೆ, ಅವಳು ಅಳೆದು ನಿಂತ ಜಾಗದಲ್ಲಿ, ಬೃಹತ್ತಾದ ಪಿಕಪ್ ಟ್ರಕ್ಕೊಂದು ನಿಂತಿತ್ತು. ಈ ರಾಜ್ಯದಲ್ಲಿ ಟ್ರಕ್ಕಿಗೆ ಇರುವ ಹಕ್ಕಿನ ಮುಂದೆ ಸೋದರಿಕೆ ನಿಲ್ಲುವುದಿಲ್ಲ. ನಡುವೆ ಯಾವಾಗಲೋ ಅದು ಹೊರಟುಹೋಗುತ್ತದೆ, ಇನ್ನೊಂದು ಬರುವವರೆಗೆ ಸ್ವಲ್ಪ ಬಿಡುವು. ಆ ವೇಳೆಯಲ್ಲಿ ಕಂಬದ ಬಲಕ್ಕೆ ಏನೂ ಇರುವುದಿಲ್ಲ. ನಾನು ಅದನ್ನೇ ನೋಡುತ್ತಿರುತ್ತೇನೆ.