ಅಮಾವಾಸ್ಯೆಗೆ ಬಂದ ತೇಪೆ

ಶಿವಗಂಗಾ ನಮ್ಮ ಮನೆಯ ಮುಂದಿನ ಖೋಲಿಗೆ ಬಾಡಿಗೆಗೆ ಬಂದು ಏಳು ವರ್ಷವಾಯಿತು. ಕಮತಗಿಯ ಹಿಟ್ಟಿನ ಗಿರಣಿಯವರ ಮಗಳು. ಬಾಗಲಕೋಟೆಯಲ್ಲಿ ಡಿಪ್ಲೊಮಾ ಓದಿ, ಇಳಕಲ್ಲಿನ ನಮ್ಮ ನೇಕಾರರ ಸಂಘಕ್ಕೆ ಕೆಟ್ಟ ಪ್ರಿಂಟರ್ ನೋಡಲೆಂದು ಒಂದು ದಿನದ ಮಟ್ಟಿಗೆ ಬಂದವಳು ಇಲ್ಲೇ ಉಳಿದಳು. ಬಂದ ದಿನ ಅವಳು ಹಸಿರು ಚೂಡಿದಾರ ಹಾಕಿದ್ದಳು, ಎಡಗಾಲಿನ ಚಪ್ಪಲಿಯ ಪಟ್ಟಿ ಹರಿದು ಪಿನ್ನು ಚುಚ್ಚಿತ್ತು, ಕೈಯಲ್ಲಿ ರೊಟ್ಟಿಯ ಬುತ್ತಿ ಇತ್ತು. ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಓದಿದ್ದು ಮರೆತಿದೆ, ಕಂಡದ್ದು ಮರೆತಿಲ್ಲ.

ನನ್ನ ಯಜಮಾನರು ಈರಪ್ಪ ತೀರಿಕೊಂಡ ಮೇಲೆ ನಾನು ಅದೇ ಸಂಘದಲ್ಲಿ ಮುಂಜಾನೆ ಕಸ ಗುಡಿಸಿ, ಮುಂದೆ ದಿನವಿಡೀ ಕಂಡಿಕೆಗೆ ನೂಲು ಸುತ್ತುತ್ತೇನೆ. ಹಾಗಾಗಿ ಶಿವಗಂಗಾಳನ್ನು ಮನೆಯಲ್ಲೂ ನೋಡಿದ್ದೇನೆ, ಕೆಲಸದಲ್ಲೂ ನೋಡಿದ್ದೇನೆ. ಎರಡೂ ಕಡೆ ಅವಳು ಒಂದೇ. ಹಾಲು ಒಲೆಯ ಮೇಲಿಟ್ಟರೆ ಉಕ್ಕುವ ತನಕ ಅಲ್ಲೇ ನಿಲ್ಲುವವಳು. ಬಾಗಿಲಿಗೆ ಅಗಳಿ ಹಾಕಿ ಮತ್ತೊಮ್ಮೆ ಎಳೆದು ನೋಡುವವಳು. ಮೂವತ್ತೊಂದು ದಾಟಿತು, ಲಗ್ನದ ಮಾತೆತ್ತಿದರೆ ಎದ್ದು ಹೋಗುತ್ತಾಳೆ. “ಇವಳಿಗೆ ಕಂಪ್ಯೂಟರ್ ಜೋಡಿ ಅಕ್ಕಿಕಾಳ ಬಿದ್ದಾವು” ಎಂದು ಓಣಿಯ ಹೆಂಗಸರು ನಗುತ್ತಾರೆ.

ಅವರು ನಗಲಿ. ಅವಳು ಮಾಡಿದ ಕೆಲಸ ಅವರಿಗೆ ಗೊತ್ತಿಲ್ಲ. ನಮ್ಮ ಸೀರೆಗಳ ದಡಿಯ, ಎಂದರೆ ಅಂಚಿನ, ನಕ್ಷೆಗಳನ್ನು ಹಿಂದಿನವರು ಚೌಕಳಿ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆದಿಡುತ್ತಿದ್ದರು. ಒಬ್ಬೊಬ್ಬರ ಟ್ರಂಕಿನಲ್ಲಿ ಒಂದೊಂದು ಕಟ್ಟು. ಅರ್ಧ ಗೆದ್ದಲು ತಿಂದದ್ದು, ಅರ್ಧ ಎಣ್ಣೆ ಜಿಡ್ಡು ಹಿಡಿದದ್ದು. ಶಿವಗಂಗಾ ಮೂರು ವರ್ಷ ಮನೆಮನೆ ತಿರುಗಿ, ಒಂದೊಂದು ಹಾಳೆಯನ್ನೂ ಬೇಡಿ ತಂದು, ಚಿತ್ರ ತೆಗೆದು, ಸಂಘದ ಒಳಖೋಲಿಯ ಕರಿಯ ಯಂತ್ರದಲ್ಲಿ ತುಂಬಿದಳು. ಹಾಳೆ ಕೊಡಲು ಯಾರಿಗೂ ಮನಸ್ಸಿರಲಿಲ್ಲ. ಸುಭಾನಸಾಬನಂತೂ ಹಾಳೆಯ ಜೊತೆ ತಾನೂ ಬಂದು, ಚಿತ್ರ ತೆಗೆದು ಮುಗಿಯುವ ತನಕ ಬಾಗಿಲಲ್ಲಿ ಕೂತಿದ್ದ. ಮುಂದಿನ ವರ್ಷ ಅವನ ಮನೆಗೆ ಬೆಂಕಿ ಬಿತ್ತು. ಅವನಪ್ಪ ಬರೆದ ಅರವತ್ತು ನಕ್ಷೆಗಳು ಈಗ ಭೂಮಿಯ ಮೇಲೆ ಇದ್ದರೆ ಆ ಕರಿಯ ಯಂತ್ರದೊಳಗೆ ಮಾತ್ರ.

ಅದರದೊಂದು ನಕಲು ಬೇರೆ ಡಬ್ಬಿಯಲ್ಲಿ ಇತ್ತು. ಮಳೆಗಾಲದ ಸಿಡಿಲಿಗೆ ಆ ಡಬ್ಬಿ ಸುಟ್ಟು, ರಿಪೇರಿಗೆಂದು ಬಾಗಲಕೋಟೆಗೆ ಹೋಯಿತು. ಅದು ತಿರುಗಿ ಬರುವ ಮೊದಲೇ ಒಂದು ಕೆಟ್ಟ ಸುದ್ದಿ ಬಂತು.

ಶ್ರಾವಣದ ಒಂದು ಸೋಮವಾರ. ಮುಂಜಾನೆ ಚಹಾ ಕುಡಿಯುತ್ತ ಶಿವಗಂಗಾ ಫೋನು ನೋಡಿದಳು, ಬಟ್ಟಲು ಕೆಳಗಿಟ್ಟಳು. ಚಹಾ ಆರಿ ಕೆನೆ ಕಟ್ಟಿತು, ಅವಳು ಮುಟ್ಟಲಿಲ್ಲ.

“ಏನಾತ ಬೇ?” ಎಂದೆ.

“ನಮ್ಮ ಮಷಿನ್ನಿನ ಕರ್ನಲ್ಲಿನಾಗ ತೂತ ಸಿಕ್ಕೈತಂತ ಆಯಿ. ಹೊರಗಿನವರು ಒಳಗ ಬರೂವಷ್ಟ ತೂತ.”

“ಕರ್ನಲ್ ಅಂದ್ರ?”

ಅವಳು ನಮ್ಮ ಮಗ್ಗದ ಕಡೆ ನೋಡಿದಳು. “ನೀವು ನೇಯೂದು ಮ್ಯಾಲ ಕಾಣ್ತೈತಿ. ಕಾಲ ಇರೂದು ಕೆಳಗ, ಕುಣಿಯೊಳಗ. ಕುಣಿ ಇಲ್ಲಂದ್ರ ಮಗ್ಗಾನ ಇಲ್ಲ. ಕಂಪ್ಯೂಟರಿಗೂ ಹಂಗ ಒಂದ ಕುಣಿ ಇರ್ತೈತಿ. ಅದ ಕರ್ನಲ್.”

ಕುಣಿ ಎಂದೊಡನೆ ನನಗೆ ಹಳೆಯದೊಂದು ನೆನಪಾಯಿತು. ನನ್ನ ಮದುವೆಯಾದ ನಾಲ್ಕನೇ ವರ್ಷ ನಮ್ಮ ಮಗ್ಗದ ಕುಣಿಯ ಗೋಡೆಯಲ್ಲಿ ಒಂದು ಕಲ್ಲು ಸಡಿಲಾಗಿ ಸಂದು ಬಿಟ್ಟಿತ್ತು. ಅಲ್ಲಿಂದ ಬಂದ ಚೇಳು ನಮ್ಮವರ ಹಿಮ್ಮಡಿಗೆ ಕುಟುಕಿತು. ಕುಣಿ ಕಟ್ಟಿದವನು ಬೇವೂರಿನ ಗೌಂಡಿ ಮಾಳಪ್ಪ. ಯಾವ ಕಲ್ಲಿನ ಮೇಲೆ ಮಗ್ಗದ ಕಂಬದ ಭಾರ ಕೂತಿದೆ ಎಂಬುದು ಅವನಿಗೊಬ್ಬನಿಗೇ ಗೊತ್ತು. ಬೇರೆಯವರು ಕೈ ಹಾಕಿದರೆ ಕಂಬವೇ ಕುಸಿದೀತು. ಅವನಿಗೆ ಹೇಳಿ ಕಳಿಸಿದೆವು. ಇಂದು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಎಂಟು ದಿನ ಮಾಡಿದ. ಮದುವೆಯ ಸೀರೆ ಮಗ್ಗದ ಮೇಲಿತ್ತು, ನಿಲ್ಲಿಸುವಂತಿರಲಿಲ್ಲ. ನಮ್ಮವರು ಕಾಲು ಇಳಿಬಿಟ್ಟು ನೇಯುವುದು, ನಾನು ಕುಣಿಯ ಬಾಯಿಗೆ ಕಂದೀಲು ಹಿಡಿದು ಆ ಸಂದಿಯನ್ನೇ ನೋಡುತ್ತ ಕೂಡುವುದು. ಆ ಎಂಟು ದಿನ ನನಗೆ ಎಂಟು ವರ್ಷವಾಗಿದ್ದವು.

ಇದನ್ನೆಲ್ಲ ಹೇಳಿದೆ. ಶಿವಗಂಗಾ ನಗಲಿಲ್ಲ.

“ಇದೂ ಹಂಗ ಆಯಿ. ಕರ್ನಲ್ ಮಾಡಿದ ಮೂಲದವರು ತೂತಿಗೆ ಹಚ್ಚೂ ತ್ಯಾಪಿ ತಯಾರ ಮಾಡ್ಯಾರ. ಆದ್ರ ನಮಗ ಮಷಿನ್ ಕೊಟ್ಟ ಕಂಪನಿಯವರು ಅದನ್ನ ನಮ್ಮ ಮಾದರಿಗೆ ಹೊಂದಿಸಿ ಕಳಸಬೇಕು. ನಾವ ಹಚ್ಚಾಕ ಹೋದ್ರ ಮಷಿನ್ನ ಏಳಂಗಿಲ್ಲ.”

“ಯಾವಾಗ ಕಳಸ್ತಾರ?”

“ಕೆಲಸ ನಡದೈತಿ ಅಂತ ಬರದಾರ.”

ಅಂದಿನಿಂದ ಅದೇ ಮಾತು. ಮುಂಜಾನೆ ಎದ್ದು ಮುಖ ತೊಳೆಯುವ ಮೊದಲು ಫೋನು ನೋಡುವಳು. “ಏನ ಅಂತಾರ?” “ಕೆಲಸ ನಡದೈತಿ.” ಊಟದ ಹೊತ್ತಿಗೆ, “ಕೆಲಸ ನಡದೈತಿ.” ನಾಲ್ಕನೇ ದಿನ ಸುಭಾನಸಾಬ ಬಂದ. ಅವನು ಅದನ್ನು ಔಷಧವೆಂದೇ ತಿಳಿದಿದ್ದ. “ಔಷಧ ಬಂತೇನವ್ವಾ?” ಎಂದ. ಇಲ್ಲವೆಂದಳು. “ಅಬ್ಬಾನ ಕೈಬರಹ ಅದು. ಸ್ವಲ್ಪ ನೋಡ್ಕೋ ತಾಯಿ” ಎಂದು ಟೋಪಿ ತೆಗೆದು ಬೆವರು ಒರೆಸಿಕೊಂಡು ಹೋದ. ಮರುದಿನವೂ ಬಂದ. ಅದರ ಮರುದಿನವೂ. ಶಿವಗಂಗಾ ಬೆರಳುದ್ದದ ಪೆನ್‌ಡ್ರೈವುಗಳಲ್ಲಿ ಹಿಡಿದಷ್ಟು ನಕ್ಷೆ ತುಂಬಿಕೊಂಡಳು. ಅರ್ಧದಷ್ಟೂ ಹಿಡಿಯಲಿಲ್ಲ. ಸುಭಾನಸಾಬನದು ಕೊನೆಯಲ್ಲಿ ತುಂಬಿದ ಕಟ್ಟು, ಅದು ಉಳಿದೇ ಹೋಯಿತು.

ಸಂಘದ ಕಾರ್ಯದರ್ಶಿ ವಿಜಯಮಹಾಂತೇಶನಿಗೆ ಬೇರೆಯದೇ ಚಿಂತೆ. ಒಂದು ದಿನ ನಾನು ಕಂಡಿಕೆ ಸುತ್ತುತ್ತ ಕೂತಲ್ಲಿಗೇ ಒಳಗಿನ ಮಾತು ಕೇಳಿಸಿತು.

“ಏನವ್ವಾ ಶಿವಗಂಗಾ, ಮಷಿನ್ನಿಗೇನ ಮೈಲಿಗಿ ಆಗೈತೇನ? ಯಾರಿಗೂ ಮುಟ್ಟಗೊಡವಲ್ಲಿ?”

“ತ್ಯಾಪಿ ಬರೂಮಟ ನೆಟ್ ಬಂದ್ ಇಟ್ಟೇನ್ರಿ ಸರ್ರ.”

“ಸೊಲ್ಲಾಪುರದ ಅಂಗಡಿಯಾಂವ ಎರಡ ಸಲ ಫೋನ್ ಮಾಡ್ಯಾನ. ಸೀರಿ ಚಿತ್ರ ಬರವಲ್ವು, ಸಂಘ ಮುಚ್ಚೀರೇನ ಅಂತಾನ. ಏನ ಹೇಳ್ಲಿ?”

“ಮುಚ್ಚಿಲ್ಲ, ಅಗಳಿ ಹಾಕೇವಿ ಅಂತ ಹೇಳ್ರಿ.”

“ಬಾಯಿ ಭಾಳ ಆತ ನಿಂದು!” ಎಂದು ಅವನು ಕುರ್ಚಿ ಸರಿಸಿದ ಸದ್ದಾಯಿತು. “ನೋಡ, ಅಮಾಸಿಮಟ ತಡೀತೇನಿ. ಅಮಾಸಿ ಮರುದಿನ ನೆಟ್ ಚಾಲೂ ಆಗಬೇಕು. ಇಲ್ಲಾಂದ್ರ ಹುನಗುಂದದಿಂದ ಬ್ಯಾರೇದವರನ್ನ ಕರಸ್ತೇನಿ. ನೀ ಕಮತಗಿ ಬಸ್ ಹಿಡಿ.”

ನೆಟ್ ಬಂದ್ ಎಂದರೆ ಏನೋ ಗುಂಡಿ ಒತ್ತಿ ಮಾಡಿದ್ದಿರಬೇಕು ಎಂದು ನಾನು ತಿಳಿದೆ. ಕೇಳಬೇಕಿತ್ತು. ಕೇಳಲಿಲ್ಲ.

ಅಮಾವಾಸ್ಯೆ ಬಂತು. ಅಂದು ನಮ್ಮಲ್ಲಿ ಯಾರೂ ಮಗ್ಗಕ್ಕೆ ಕೂಡುವುದಿಲ್ಲ. ಮಗ್ಗ ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದು ಬಿಟ್ಟರೆ ಮರುದಿನದ ತನಕ ಮುಟ್ಟುವಂತಿಲ್ಲ. ಸಂಘದ ಪೂಜೆ ಮೊದಲಿನಿಂದಲೂ ನನ್ನದೇ. ಮುಂಜಾನೆ ಕಾರ್ಯದರ್ಶಿಯ ಮನೆಯಿಂದ ಚಾವಿ ಒಯ್ದು, ನೂಲು ಸುತ್ತುವ ರಾಟಿಗೆ, ತಕ್ಕಡಿಗೆ, ಕಪಾಟಿಗೆ ವಿಭೂತಿ ಹಚ್ಚಿ, ಕೊನೆಗೆ ಒಳಖೋಲಿಗೆ ಹೋದೆ. ಕರಿಯ ಯಂತ್ರ ಎಂದಿನಂತೆ ಗುಂಯ್ ಎನ್ನುತ್ತಿತ್ತು. ಅದನ್ನು ಎಂದೂ ಆರಿಸುವುದಿಲ್ಲ, ಹಳೆಯದು, ಆರಿಸಿದರೆ ಏಳುವುದೋ ಇಲ್ಲವೋ ಎಂದು ಶಿವಗಂಗಾಳಿಗೆ ಭಯ.

ಮೇಜಿನ ಹಿಂದೆ ನಾನು ಕೈ ಹಾಕುವುದು ಅಮಾವಾಸ್ಯೆಗೊಮ್ಮೆ ಮಾತ್ರ. ಅಲ್ಲಿ ಒರೆಸುವಾಗ ಒಂದು ನೀಲಿ ವಾಯರ್ ಜೋತುಬಿದ್ದದ್ದು ಕಂಡಿತು. ಹಿಂದೊಮ್ಮೆ ನನ್ನ ಕಸಬರಿಗೆ ತಾಗಿ ಅದೇ ವಾಯರ್ ಕಿತ್ತು, ಒಂದಿಡೀ ದಿನ ಕೆಲಸ ನಿಂತು, ಶಿವಗಂಗಾಳಿಂದ ಬೈಸಿಕೊಂಡಿದ್ದೆ. ಅದನ್ನು ಎಲ್ಲಿ ಚುಚ್ಚಬೇಕೆಂದು ಅಂದೇ ತೋರಿಸಿಕೊಟ್ಟಿದ್ದಳು. ಮತ್ತೆ ನಾನೇ ಕಿತ್ತೆನೆಂದುಕೊಂಡೆ. ಅದಲ್ಲದೆ, ಮಗ್ಗದ ಮೇಲೆ ಹರಿದ ಎಳೆಯೊಂದು ಜೋತಿದ್ದರೂ ಗಂಟು ಹಾಕದೆ ಪೂಜೆ ಮಾಡಬಾರದೆಂದು ನನ್ನ ಅತ್ತೆ ಕಲಿಸಿದ್ದು ನನ್ನ ಕೈಯಲ್ಲೇ ಕೂತಿದೆ. ವಾಯರನ್ನು ಸೀರೆಯ ಸೆರಗಿನಿಂದ ಒರೆಸಿ ಅದರ ಜಾಗಕ್ಕೆ ಒತ್ತಿದೆ. ಟಕ್ಕೆಂದು ಕೂತಿತು. ಹಸಿರು ದೀಪ ಪಿಳಿಪಿಳಿ ಎಂದಿತು. ಯಂತ್ರಕ್ಕೆ ಮೂರು ಬೆರಳು ವಿಭೂತಿ ಎಳೆದು, ಕೈ ಮುಗಿದು, ಬೀಗ ಹಾಕಿ ಚಾವಿ ತಿರುಗಿ ಕೊಟ್ಟು ಬಂದೆ. ಆಗ ಹತ್ತು ಗಂಟೆ.

ಮಧ್ಯಾಹ್ನ ಕಡಬು ಮಾಡಿದ್ದೆ. ಶಿವಗಂಗಾ ಎರಡನೆಯದನ್ನು ಮುರಿಯುವಾಗ ಫೋನು ಸದ್ದು ಮಾಡಿತು. ನೋಡಿದವಳೇ, “ಬಂತು ಆಯಿ! ತ್ಯಾಪಿ ಬಂತು!” ಎಂದು ಎಂಜಲ ಕೈಯಲ್ಲೇ ನನ್ನ ಗಲ್ಲ ಹಿಡಿದಳು. ಹನ್ನೊಂದು ದಿನದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

“ಹಂಗಾರ ಈಗ ಹೋಗಿ ಹಾಕಿ ಬಾ.”

“ಪೂಜಿ ಆಗೈತಿ, ಇವತ್ತ ಸರ್ರ ಚಾವಿ ಕೊಡಂಗಿಲ್ಲ. ಅವಸರ ಏನೂ ಇಲ್ಲ, ನಾಳಿ ಹಾಕ್ತೇನಿ. ನೆಟ್ಟಿನ ವಾಯರ್ ಕಿತ್ತ ಇಟ್ಟೇನಲ್ಲ, ಒಂದ ದಿನಕ್ಕ ಏನಾಗ್ತೈತಿ?”

“ಯಾವ ವಾಯರ್?”

“ನೀಲಿದು. ಮೇಜಿನ ಹಿಂದ ಜೋತ ಬಿಟ್ಟೇನಿ ನೋಡ್ರಿ.”

ಕೈಯಲ್ಲಿದ್ದ ಕಡಬನ್ನು ತಾಟಿಗಿಟ್ಟೆ. ಸುಮ್ಮನಿರಬಹುದಿತ್ತು. ನಾಳೆ ಮುಂಜಾನೆ ಗುಡಿಸಲು ಮೊದಲು ಹೋಗುವವಳು ನಾನೇ, ಕಿತ್ತು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಇಷ್ಟೂ ವಿಚಾರ ಆ ಒಂದು ಗಳಿಗೆಯಲ್ಲಿ ಬಂದು ಹೋಯಿತು. ಕಂದೀಲು ಹಿಡಿದು ಕೂತ ಆ ಎಂಟು ದಿನವೂ ಬಂತು.

“ನಾ ಅದನ್ನ ಚುಚ್ಚಿ ಬಂದೇನಿ ಬೇ,” ಎಂದೆ. “ಮುಂಜಾನೆ ಹತ್ತಕ್ಕ.”

ಅವಳು ಬೈಯಲಿಲ್ಲ. ತಾಟಿನಲ್ಲೇ ಕೈ ತೊಳೆದು ಎದ್ದಳು. ಅವಳ ಹಿಂದೆ ನಾನೂ ಬಿರಬಿರನೆ ನಡೆದೆ. ಓಣಿಯ ಎಲ್ಲ ಮನೆಗಳಲ್ಲೂ ಮಗ್ಗಗಳು ಸುಮ್ಮನಿದ್ದವು. ಆ ನಿಶ್ಶಬ್ದಕ್ಕೆ ನನ್ನ ಕಾಲ ಸಪ್ಪಳ ನನಗೇ ಹೆದರಿಕೆ ಹುಟ್ಟಿಸಿತು.

ವಿಜಯಮಹಾಂತೇಶ ಉಂಡು ಅಡ್ಡಾಗಿದ್ದ. ಎಲ್ಲ ಕೇಳಿ, “ಅಮಾಸಿ ದಿನ ಪೂಜಿ ಆದ ಮ್ಯಾಲ ಮುಟ್ಟಬಾರದು ಅಂತ ಊರ ಮಂದಿಗೆಲ್ಲಾ ಹೇಳಾಕಿ ನೀನ ಅಲ್ಲೇನ ಆಯಿ?” ಎಂದ.

“ನಾನ ಹೇಳೇನಿ, ನಾನ ಮುರೀತೇನಿ. ಬಂದದ್ದು ನನಗ ಬರ್ಲಿ. ಚಾವಿ ತಾ ಯಪ್ಪಾ.”

ಅವನು ಅಂಗಿ ತೊಟ್ಟುಕೊಂಡು ತಾನೂ ಬಂದ.

ಶಿವಗಂಗಾ ಮೊದಲು ವಾಯರ್ ಕಿತ್ತಳು. ಆಮೇಲೆ ಪರದೆಯ ಮೇಲೆ ಸಾಲು ಸಾಲು ಅಕ್ಷರ ತೆಗೆದು ಬೆರಳಿಟ್ಟು ಓದತೊಡಗಿದಳು. “ಮುನ್ನೂರಾ ಹನ್ನೆರಡ ಸಲ ಬಾಗಲಾ ಬಡದಾರ.”

“ಯಾರ ಬೇ?”

“ಯಾರಂತ ಹೇಳ್ಲಿ ಆಯಿ. ಅವೂ ಮಷಿನ್ನ. ಎಲ್ಲೆಲ್ಲಿ ಬಾಗಲಾ ಸಡ್ಲ ಐತಿ ಅಂತ ಹಗಲೂ ರಾತ್ರಿ ನೋಡಕೋತ ತಿರಗ್ತಾವು.”

“ಒಳಗ ಬಂದಾವೇನ?” ಎಂದ ವಿಜಯಮಹಾಂತೇಶ. ಅವಳು ಮುಂದಿನ ಸಾಲಿಗೆ ಬೆರಳಿಟ್ಟಳು.

ಒಳಗೆ ಬಂದವರು ಚಿತ್ರಗಳನ್ನೆಲ್ಲ ಕೆಡಿಸಿ, ತೆರೆಯದಂತೆ ಮಾಡುತ್ತಾರಂತೆ. ಅದಕ್ಕೇ ಅವಳು ನಕ್ಷೆಗಳನ್ನು ಒಂದೊಂದಾಗಿ ತೆರೆದಳು. “ನೀವು ನೋಡ್ರಿ ಆಯಿ, ಮೊದಲಿನಂಗ ಅದಾವೋ ಇಲ್ಲೋ.” ನಾನು ಕನ್ನಡಕ ಒರೆಸಿಕೊಂಡು ಕೂತೆ. ಗೋಮಿ ದಡಿ ಸರಿ ಇತ್ತು. ಗಾಡಿ ದಡಿ ಸರಿ ಇತ್ತು. ಮುಂದಿನದು ಬಂದಾಗ ಕೈ ಎತ್ತಿದೆ.

“ತಡಿ. ಇದು ನಮ್ಮವರದು. ಮೂರನೇ ಸಾಲಿನಾಗ ಒಂದ ಚೌಕ ಖಾಲಿ ಇರಬೇಕು. ಜ್ವರದಾಗ ಬರದದ್ದು.”

ಅವಳು ದೊಡ್ಡದು ಮಾಡಿದಳು. ಖಾಲಿ ಚೌಕ ಇದ್ದಲ್ಲೇ ಇತ್ತು.

ಸುಭಾನಸಾಬನಪ್ಪನ ಕಟ್ಟು ತೆರೆಯುವಾಗ ಪರದೆಯ ಮೇಲೆ ಚಕ್ರವೊಂದು ತಿರುಗುತ್ತಲೇ ಉಳಿಯಿತು. ಶಿವಗಂಗಾ ಉಗುರು ಕಚ್ಚಿದಳು. ಬಹಳ ಹೊತ್ತಿಗೆ ಮೊದಲ ಹಾಳೆ ಮೂಡಿತು, ಮೂಲೆಯಲ್ಲಿ ಚಹಾ ಕಲೆಯ ಸಮೇತ.

ಆಮೇಲೆ ಫೋನಿಗೆ ಇಳಿಸಿಕೊಂಡ ತೇಪೆಯನ್ನು ಯಂತ್ರಕ್ಕೆ ದಾಟಿಸಿದಳು. ಅದು ಕೂಡಬೇಕಾದರೆ ಯಂತ್ರ ಒಮ್ಮೆ ಆರಿ ಏಳಬೇಕಂತೆ. ಗುಂಡಿ ಒತ್ತುವ ಮೊದಲು ನನ್ನ ಕಡೆ ನೋಡಿದಳು. ಗುಂಯ್ ಎನ್ನುವ ಸದ್ದು ನಿಂತಿತು. ಏಳು ವರ್ಷದಲ್ಲಿ ಆ ಖೋಲಿಯಲ್ಲಿ ಅಂಥ ಮೌನ ನಾನು ಕೇಳಿರಲಿಲ್ಲ. ಪರದೆ ಕಪ್ಪಾಗಿಯೇ ಇತ್ತು. ಅದರಲ್ಲಿ ನಮ್ಮ ಮೂವರ ಮುಖ ಕಾಣುತ್ತಿತ್ತು.

“ಏಳಂಗಿಲ್ಲೇನ?” ಎಂದ ವಿಜಯಮಹಾಂತೇಶ.

“ಸುಮ್ಮ ಕುಂದರ್ರಿ ಸರ್ರ.”

ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ. ಐದನೆಯದರಲ್ಲಿ ಒಂದು ಬಿಳಿ ಗೆರೆ ಬಂತು. ಗುಂಯ್ ಎಂದಿತು. ಶಿವಗಂಗಾ ತನ್ನ ಹೆಸರನ್ನೇ ಎರಡು ಸಲ ತಪ್ಪು ಒತ್ತಿದಳು.

“ಯಾರೂ ಬಂದಿಲ್ಲ ಅನಸ್ತೈತ್ರಿ,” ಎಂದಳು ಕೊನೆಗೆ.

“ಅನಸ್ತೈತಿ ಅಂದ್ರ?”

“ಅಷ್ಟ ಹೇಳಾಕ ಬರ್ತೈತ್ರಿ ಸರ್ರ.”

ಸಂಘದ ವಹಿಯಲ್ಲಿ ನಡೆದದ್ದು ಬರೆಯಬೇಕಲ್ಲ. ವಾಯರ್ ಹಚ್ಚಿದವರು ಯಾರು ಎಂಬಲ್ಲಿ ಅವಳು ತನ್ನ ಹೆಸರು ಬರೆಯತೊಡಗಿದ್ದಳು. ನಾನು ಪೆನ್ನು ಕಸಿದುಕೊಂಡು ‘ಸಿದ್ದಲಿಂಗವ್ವ’ ಎಂದು ನನ್ನ ಹೆಸರು ಬರೆದೆ. ಒತ್ತಕ್ಷರ ಸೊಟ್ಟಾಯಿತು. ವಿಜಯಮಹಾಂತೇಶ ಅದನ್ನು ಓದಿ, ಚಾವಿಯ ಗೊಂಚಲಿನಿಂದ ಒಳಖೋಲಿಯ ಚಾವಿ ಬಿಡಿಸಿ ಶಿವಗಂಗಾಳ ಮುಂದಿಟ್ಟ. “ಇದು ಇನ್ನ ನಿನ್ನ ಕಡೇನ ಇರ್ಲಿ. ಆಯಿ ಒಳಗ ಹೋಗೂದಾದ್ರ ನಿನ್ನ ಕೇಳಿ ಹೋಗ್ಲಿ.” ಕಮತಗಿ ಬಸ್ಸಿನ ಮಾತು ಮತ್ತೆ ಬರಲಿಲ್ಲ.

ಸುಭಾನಸಾಬನಿಗೆ ಔಷಧ ಬಂತೆಂದು ನಾನೇ ಹೋಗಿ ಹೇಳಿದೆ. ವಾಯರಿನ ಸಂಗತಿಯನ್ನೂ ಹೇಳಿದೆ. ಅವನು ಒಳಗೆ ಹೋಗಿ ನನಗೆ ಒಂದು ಲೋಟ ನೀರು ತಂದು ಕೊಟ್ಟ.

ಇಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆ. ಮುಗಿಯುವಂಥದ್ದಲ್ಲವಂತೆ. ಬಾಗಲಕೋಟೆಯಿಂದ ನಕಲಿನ ಡಬ್ಬಿ ಬಂದ ವಾರದಲ್ಲೇ ಇನ್ನೊಂದು ತೂತು ಸಿಕ್ಕಿತೆಂದು ಸುದ್ದಿ ಬಂತು. ಶಿವಗಂಗಾ ಮತ್ತೆ ಮುಖ ತೊಳೆಯುವ ಮೊದಲು ಫೋನು ನೋಡುತ್ತಿದ್ದಾಳೆ. ನಾನು ಚಹಾದ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಡುತ್ತೇನೆ.

ಮೊನ್ನೆಯ ಅಮಾವಾಸ್ಯೆಗೆ ಅವಳಿಂದ ಚಾವಿ ಕೇಳಿ ಪಡೆದು ಪೂಜೆಗೆ ಹೋದೆ. ಮೇಜಿನ ಹಿಂದೆ ನೀಲಿ ವಾಯರ್ ಹರಿದ ಎಳೆಯ ಹಾಗೆ ಜೋತುಬಿದ್ದಿತ್ತು. ಕೈ ತಾನಾಗಿಯೇ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಅದರ ತುದಿಗೂ ಒಂದಿಷ್ಟು ವಿಭೂತಿ ಹಚ್ಚಿ, ಹಾಗೇ ಬಿಟ್ಟು, ಬೀಗ ಹಾಕಿ, ಬೀಗವನ್ನು ಮತ್ತೊಮ್ಮೆ ಎಳೆದು ನೋಡಿ ಬಂದೆ.