ನೀರಿಗಿಂತ ವೇಗ, ಆಲ್ಕೊಹಾಲಿಗಿಂತ ವೇಗ

ಶಬ್ದ ನೀರಿನಲ್ಲಿ ಬೇಗ ಓಡುತ್ತದೆ, ಆಲ್ಕೊಹಾಲಿನಲ್ಲಿ ನಿಧಾನ. ಎರಡನ್ನೂ ಬೆರೆಸಿದರೆ ನಡುವಿನ ವೇಗ ಬರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ನೀರಿಗೆ ಸ್ವಲ್ಪ ಆಲ್ಕೊಹಾಲು ಸೇರಿದರೆ ಶಬ್ದ ಬರಿಯ ನೀರಿಗಿಂತಲೂ ವೇಗವಾಗಿ ಓಡುತ್ತದೆ. ಬೆರೆತ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವುದೇ ಕಾರಣ. ಪುಸ್ತಕದಲ್ಲಿ ಓದಿದ್ದರೂ, ಕಣ್ಣಾರೆ ಕಂಡ ದಿನ ಬಸವನಗುಡಿಯ ಮನೆಗೆ ಹೇಗೆ ಸೈಕಲ್ ತುಳಿದೆನೋ ನೆನಪಿಲ್ಲ. ದಿನಚರಿಯಲ್ಲಿ ಮಾತ್ರ ಇದೆ: ರೀಡಿಂಗ್ ಹನ್ನೊಂದು, ಹನ್ನೊಂದೂ ನೀರಿಗಿಂತ ಮೇಲೆ.

ಉಪಕರಣವನ್ನು ಕಾಲೇಜಿನ ನಮ್ಮ ಮೇಷ್ಟ್ರು ಎರಡನೇ ಮಹಾಯುದ್ಧದ ನಂತರ ಅಗ್ಗಕ್ಕೆ ಬಿಕರಿಯಾದ ರೇಡಿಯೋ ವಾಲ್ವುಗಳಿಂದ ಕಟ್ಟಿದ್ದರು. ಬಟ್ಟಲಿನ ತಳದಲ್ಲಿ ಕಂಪಿಸುವ ಸ್ಫಟಿಕದ ಬಿಲ್ಲೆ, ಮೇಲೊಂದು ಲೋಹದ ತಟ್ಟೆ. ತಿರುಪಿನಿಂದ ತಟ್ಟೆಯನ್ನು ಮೇಲೆತ್ತುತ್ತ ಹೋದರೆ ಮೀಟರಿನ ಮುಳ್ಳು ಆಗಾಗ ಜಿಗಿಯುತ್ತದೆ; ಜಿಗಿತಗಳ ನಡುವಿನ ದೂರದಿಂದ ವೇಗ ಸಿಗುತ್ತದೆ. ತಿರುಪು ತಿರುಗಿಸುವುದು ನನ್ನ ಕೆಲಸ, ಮುಳ್ಳು ನೋಡುವುದು ನನ್ನ ಜೊತೆಗಾರನದು. ಅವನು ಕಾಟನ್‌ಪೇಟೆಯ ವ್ಯಾಪಾರಸ್ಥರ ಮನೆಯ ಹುಡುಗ.

ತಕರಾರು ಮಾಡಿದ್ದು ಶುದ್ಧ ಆಲ್ಕೊಹಾಲು. ಪ್ರತಿ ಸಲವೂ ಬೇರೆ ವೇಗ, ಯಾವಾಗಲೂ ಪುಸ್ತಕದ್ದಕ್ಕಿಂತ ಹೆಚ್ಚು.

"ಗೊತ್ತಿರೋದೇ ಸರಿಯಾಗಿ ಬರದಿದ್ರೆ, ಗೊತ್ತಿಲ್ಲದ್ದನ್ನ ಹ್ಯಾಗಪ್ಪಾ ನಂಬೋದು?" ಎಂದು ಮೇಷ್ಟ್ರು ನಮ್ಮ ಮಿಶ್ರಣದ ರೀಡಿಂಗುಗಳನ್ನು ಪಕ್ಕಕ್ಕಿಟ್ಟರು. ಶನಿವಾರ ಮಧ್ಯಾಹ್ನದೊಳಗೆ ಮೂರು ಸಲ ಒಂದೇ ಉತ್ತರ ಬರದಿದ್ದರೆ ಉಪಕರಣ ಸೀನಿಯರ್‌ಗಳ ಪಾಲು, ನಮಗೆ ಇಡೀ ವರ್ಷ ಅಯಸ್ಕಾಂತದ ಪ್ರಯೋಗಗಳು.

ಶನಿವಾರ ನೋಡಿದರೆ ಲ್ಯಾಬಿನ ನಲ್ಲಿಯಲ್ಲಿ ನೀರಿಲ್ಲ. ನಮ್ಮಿಬ್ಬರ ಮನೆಯಲ್ಲೂ ತೊಳೆದಿಟ್ಟ ಲೋಟವನ್ನೇ ಮತ್ತೆ ನೀರಾಡಿಸಿ ಕಾಫಿ ಹಾಕುವುದು ರೂಢಿ. ಲ್ಯಾಬಿನ ಬಟ್ಟಲಿಗೂ ಕೈ ತಾನಾಗಿ ಅದನ್ನೇ ಮಾಡುತ್ತಿತ್ತು. ನೀರು ಬರಲಿ, ಕಾಯೋಣ ಎಂದ ಅವನು. ಮೇಷ್ಟ್ರು ಕಾಯುವುದಿಲ್ಲ ಎಂದು ನಾನು ಒಣ ಬಟ್ಟಲಿಗೇ ಆಲ್ಕೊಹಾಲು ಸುರಿದೆ. ವೇಗ ದಡಕ್ಕನೆ ಇಳಿದು ಪುಸ್ತಕದ ಪಕ್ಕದಲ್ಲೇ ನಿಂತಿತು. ಚೆಲ್ಲಿ ಹೊಸದಾಗಿ ಸುರಿದೆ. ಅದೇ. ಮತ್ತೆ ಸುರಿದೆ. ಅದೇ.

ಅವನು ನಲ್ಲಿ ನೋಡಿದ, ಬಟ್ಟಲು ನೋಡಿದ. "ಲೋ, ನಾವು ಇಷ್ಟು ದಿನ ಅಳೆದದ್ದು ನೀರು ಬೆರೆಸಿದ್ದು ಕಣೋ."

ತೊಳೆದ ಮೇಲೆ ತಳದಲ್ಲಿ ಉಳಿಯುತ್ತಿದ್ದ ನಾಲ್ಕು ಹನಿ ನೀರೇ ವೇಗ ಏರಿಸಲು ಸಾಕಾಗಿತ್ತು. ನಗು ಹತ್ತಿಕೊಂಡಿತು. ಕೋಣೆಯ ಉಷ್ಣತೆ ಬದಲಾಗಬಾರದೆಂದು ಮುಚ್ಚಿದ ಕಿಟಕಿ, ಕೋಣೆಯ ತುಂಬ ಆಲ್ಕೊಹಾಲಿನ ವಾಸನೆ. ಇಬ್ಬರೂ ಮೇಜು ಹಿಡಿದು ನಿಂತು ನಕ್ಕೆವು. ಬಾಗಿಲು ತೆರೆದ ಮೇಷ್ಟ್ರು ಮೊದಲು ಗಾಳಿ ಮೂಸಿ ನಮ್ಮ ಮುಖ ನೋಡಿದರು.

"ಕುಡಿದಿಲ್ಲ ಸಾರ್," ಎಂದು ಅವನು ಮೂರು ರೀಡಿಂಗ್ ತೋರಿಸಿದ.

ಮೇಷ್ಟ್ರು ಬಟ್ಟಲು ಬರಿದು ಮಾಡಿ, ತಾವೇ ಸುರಿದು, ತಿರುಪಿಗೆ ಕೈಹಾಕಿದರು. ಮುಳ್ಳು ಅಲ್ಲೇ ಜಿಗಿಯಿತು. ಉಪಕರಣ ನಿಮಗೇ ಇರಲಿ ಎಂದರು. ಆಮೇಲೆ ಕೋಟು ಕಳಚಿ, ಮಿಶ್ರಣ ಕೊಡಿ ಎಂದು ಕೈ ಚಾಚಿದರು. ವೇಗ ನೀರನ್ನು ದಾಟಿ ಮೇಲೇರಿದಾಗ ಅವರ ಹುಬ್ಬೂ ಏರಿತು. ಇನ್ನೊಂದು ಕೊಡಿ, ಮತ್ತೊಂದು ಕೊಡಿ. ಸಂಜೆಯವರೆಗೂ ನಾವು ಬಾಟಲಿ ಒದಗಿಸುತ್ತ ನಿಂತೆವು. ನಮಗೇ ಉಳಿದ ಉಪಕರಣ ಆ ದಿನ ಅವರ ಕೈಯಿಂದ ನಮಗೆ ಸಿಗಲೇ ಇಲ್ಲ.